ಅಜ್ಜನ ಚಾಕು ಯಾವ ಕಾಲದ್ದು? ಗೆಳೆಯನಿಗೊಂದು ಪತ್ರ

ಪ್ರೀತಿಯ ಸತೀಶ,

ನೀನು ವಾಟ್ಸಾಪಿನಲ್ಲಿ ಕಳಿಸಿದ ಫೋಟೊಗಳನ್ನು ದೊಡ್ಡದು ಮಾಡಿ ಮಾಡಿ ನೋಡಿದೆ. "ಇದು ವಿಕ್ಟೋರಿಯಾ ರಾಣಿ ಕಾಲದ್ದು, ಎಸ್ಟೇಟ್ ದೊರೆ ಅಜ್ಜನಿಗೆ ಕೊಟ್ಟಿದ್ದು. ಹೌದೋ ಅಲ್ವೋ ಹೇಳು" ಅಂತ ಒಂದೇ ಸಾಲಿನಲ್ಲಿ ಕೇಳಿದ್ದೀಯ. ಫೋನಿನಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ ಮಾರಾಯ. ನಮ್ಮ ಬಳಗದಲ್ಲಿ ಬೇರೆಯವರೂ ಆಗಾಗ ಇಂಥದ್ದೇ ಕೇಳುತ್ತಾರೆ. ಅದಕ್ಕೇ ನಿನಗೆ ಬರೆದದ್ದನ್ನು ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ವಿಕ್ಟೋರಿಯಾ ಕಾಲದ್ದಲ್ಲ. ಬೇಜಾರು ಮಾಡಿಕೊಳ್ಳಬೇಡ, ಚಾಕು ಒಳ್ಳೆಯದೇ.

ದೊಡ್ಡ ಅಲಗನ್ನು ಪೂರ್ತಿ ಬಿಚ್ಚಿ, ಅದು ಹಿಡಿಯೊಳಗೆ ಸೇರುವ ಬುಡವನ್ನು ನೋಡು. ಹಳೆಯ ಇಂಗ್ಲಿಷ್ ಚಾಕುಗಳಲ್ಲಿ ಮುದ್ರೆ ಒತ್ತುವುದು ಅಲ್ಲೇ. ನಿನ್ನದರಲ್ಲಿ ನಕ್ಷತ್ರ, ಪಕ್ಕದಲ್ಲಿ ಮಾಲ್ಟೀಸ್ ಶಿಲುಬೆ (ನಾಲ್ಕೂ ತೋಳು ತುದಿಗೆ ಅಗಲವಾಗುವಂಥದ್ದು) ಇದೆ. ಅದು ಇಂಗ್ಲೆಂಡಿನಲ್ಲಿ ಚಾಕು ಕಸುಬಿಗೇ ಹೆಸರಾದ ಊರು ಶೆಫೀಲ್ಡಿನ ಜೋಸೆಫ್ ರಾಡ್ಜರ್ಸ್ ಅಂಡ್ ಸನ್ಸ್ ಕಂಪನಿಯ ಗುರುತು. ಒಂದು ಕಾಲಕ್ಕೆ ಚಾಕು ಅಂದರೆ ರಾಡ್ಜರ್ಸ್ ಅನ್ನುವಷ್ಟು ಹೆಸರು ಅವರದ್ದು. 1822ರಲ್ಲಿ 1822 ಅಲಗುಗಳಿರುವ ಒಂದು ಚಾಕು ಮಾಡಿದರು, ಆಮೇಲೆ ವರ್ಷಕ್ಕೊಂದು ಅಲಗು ಸೇರಿಸುತ್ತಾ ಹೋದರು. 1851ರ ಲಂಡನ್ ಮಹಾಪ್ರದರ್ಶನಕ್ಕೆ 75 ಅಲಗು ಮತ್ತು ಉಪಕರಣಗಳಿರುವ ನಾರ್ಫೋಕ್ ಚಾಕು ಮಾಡಿದರು. ಅದು ಈಗಲೂ ಶೆಫೀಲ್ಡಿನ ಚಾಕು ಕಸುಬಿನವರ ಸಂಘದ ಭವನವಾದ ಕಟ್ಲರ್ಸ್ ಹಾಲ್‌ನಲ್ಲಿದೆ. ಯಾರೂ ಜೇಬಿಗೆ ಹಾಕಿಕೊಳ್ಳಲಾಗದ ಜೇಬುಚಾಕು!

ಇಲ್ಲಿ ಹೊಸಬರು ಎಡವುವ ಜಾಗ ಒಂದಿದೆ. ರಾಡ್ಜರ್ಸ್‌ನವರ ಜಾಹೀರಾತಿನಲ್ಲಿ, ಪೆಟ್ಟಿಗೆಯ ಮೇಲೆ 1682 ಅಂತ ಕಾಣಿಸುತ್ತದೆ. ಅದು ಆ ನಕ್ಷತ್ರ-ಶಿಲುಬೆಯ ಗುರುತು ಮೊದಲು ನೋಂದಣಿಯಾದ ವರ್ಷ, ಅದೂ ಬೇರೆ ಯಾರದೋ ಹೆಸರಲ್ಲಿ. ರಾಡ್ಜರ್ಸ್ ಕೈಗೆ ಅದು ಬಂದದ್ದು 1764ರಲ್ಲಿ. ನಿನ್ನೆ ಮೊನ್ನೆ ಮಾಡಿದ ಚಾಕುವನ್ನು "ಮುನ್ನೂರು ವರ್ಷ ಹಳೆಯದು ಸಾರ್" ಅಂತ ಮಾರುವವರು ನಾನಿರುವ ಇಂಗ್ಲೆಂಡಿನ ಸಂತೆಗಳಲ್ಲಿ ಈಗಲೂ ಇದ್ದಾರೆ.

ಕಾಲ ಹೇಳುವುದು ನಕ್ಷತ್ರ ಅಲ್ಲ, ಅದರ ಮೇಲಿರುವ ಕಿರೀಟ. ರಾಡ್ಜರ್ಸ್‌ಗೆ 1822ರಲ್ಲಿ ರಾಜ ನಾಲ್ಕನೇ ಜಾರ್ಜ್‌ನಿಂದ ಅರಮನೆಗೆ ಚಾಕು ಒದಗಿಸುವ ಗೌರವ ಸಿಕ್ಕಿತು. ಅಲ್ಲಿಂದ ಮುಂದೆ ಆಳುವವರ ಅಕ್ಷರ ಮುದ್ರೆಯಲ್ಲಿ ಬರತೊಡಗಿತು. 1837ರಿಂದ 1901ರವರೆಗೆ ವಿಕ್ಟೋರಿಯಾ, ಆಗ 'ವಿ', ಕಿರೀಟ, 'ಆರ್' ('ಆರ್' ಅಂದರೆ ಲ್ಯಾಟಿನ್‌ನಲ್ಲಿ ರಾಜ ಅಥವಾ ರಾಣಿ). 1901ರಿಂದ 1910ರವರೆಗೆ ಏಳನೇ ಎಡ್ವರ್ಡ್, ಆಗ 'ಇ', ಕಿರೀಟ, 'ಆರ್'. ನಿನ್ನ ಫೋಟೊದಲ್ಲಿ ಇರುವುದು 'ಜಿ'. ಮಸುಕಾಗಿದ್ದರೂ ಅನುಮಾನ ಇಲ್ಲ. ಕೆಳಗೆ 'ಹಿಸ್ ಮೆಜೆಸ್ಟಿ' ಅಂತಲೂ ಇದೆ. ರಾಣಿ ಆಳುವಾಗ ಹಾಗೆ ಬರೆಯುವುದಿಲ್ಲ ಅಲ್ವಾ? ಅಲ್ಲಿಗೆ ವಿಕ್ಟೋರಿಯಾ ಕಥೆ ಮುಗಿಯಿತು.

ಆದರೆ ಜಾರ್ಜ್‌ಗಳು ಮೂವರು. ನಾಲ್ಕನೆಯವನು 1830ರವರೆಗೆ, ಐದನೆಯವನು 1910ರಿಂದ 1936ರವರೆಗೆ, ಆರನೆಯವನು 1936ರಿಂದ 1952ರವರೆಗೆ. ಬರೀ ಮುದ್ರೆ ನೋಡಿದರೆ ನೂರ ಮೂವತ್ತು ವರ್ಷದ ಗೊಂದಲ. ಇಲ್ಲಿಂದಾಚೆ ಚಾಕುವಿನ ಮೈಯನ್ನೇ ಓದಬೇಕು. ನನಗೆ ಈ ಹವ್ಯಾಸ ಅಂಟಿಕೊಂಡದ್ದೇ ಈ ಕೆಲಸಕ್ಕಾಗಿ. ಕೊಂಡು ಸಾಲಾಗಿ ಜೋಡಿಸಿಡುವುದರಲ್ಲಿ ನನಗೆ ಅಷ್ಟೇನೂ ರುಚಿ ಇಲ್ಲ.

ಹಿಡಿಯ ಎರಡೂ ತುದಿಯಲ್ಲಿ ಬೆಳ್ಳಿಯ ಹಾಗೆ ಹೊಳೆಯುವ ಲೋಹ ಇದೆಯಲ್ಲ, ಅದು ಬೆಳ್ಳಿ ಅಲ್ಲ. ತಾಮ್ರ, ನಿಕಲ್, ಸತು ಸೇರಿಸಿದ ಜರ್ಮನ್ ಸಿಲ್ವರ್. ಶೆಫೀಲ್ಡ್ ಚಾಕುಗಳಿಗೆ ಅದು ಬಂದದ್ದು 1830ರ ದಶಕದಿಂದ ಈಚೆಗೆ. ಅದಕ್ಕೂ ಹಿಂದಿನ ಚಾಕುಗಳಲ್ಲಿ ಆ ಜಾಗದಲ್ಲಿ ಸಾಮಾನ್ಯವಾಗಿ ಕಬ್ಬಿಣವೇ ಇರುತ್ತದೆ. ಅವುಗಳ ಹಿಡಿಯ ಒಳಗಿನ ತಗಡೂ ಹೆಚ್ಚಾಗಿ ಕಬ್ಬಿಣದ್ದೇ. ನಿನ್ನದರಲ್ಲಿ ತಗಡು ಹಿತ್ತಾಳೆ, ಹಳದಿ ಗೆರೆ ಫೋಟೊದಲ್ಲೇ ಕಾಣುತ್ತದೆ. ಹಾಗಾಗಿ ನಾಲ್ಕನೇ ಜಾರ್ಜ್‌ನನ್ನು ಬಿಟ್ಟುಬಿಡಬಹುದು. ಉಳಿದವರು ಇಬ್ಬರು.

ಅಲಗು ಕಪ್ಪು ಬೂದಿ ಬಣ್ಣಕ್ಕೆ ತಿರುಗಿದೆ, ಅಲ್ಲಲ್ಲಿ ತುಕ್ಕಿನ ಚುಕ್ಕೆ. ಅಂದರೆ ಸ್ಟೇನ್‌ಲೆಸ್ ಅಲ್ಲ, ಹಳೆಯ ಕಾರ್ಬನ್ ಉಕ್ಕು. ತುಕ್ಕು ಹಿಡಿಯದ ಉಕ್ಕನ್ನು ಹ್ಯಾರಿ ಬ್ರೆಯರ್ಲಿ ಶೆಫೀಲ್ಡಿನಲ್ಲೇ 1913ರಲ್ಲಿ ಎರಕ ಹೊಯ್ದ. ಬಂದೂಕಿನ ನಳಿಗೆ ಸವೆಯದಿರಲಿ ಅಂತ ಹುಡುಕುತ್ತಿದ್ದವನಿಗೆ ಸಿಕ್ಕಿದ್ದು ಊಟದ ಚಾಕುವಿನ ಉಕ್ಕು. ಚಾಕು ಮಾಡುವವರು ಮೊದಮೊದಲು ಅದನ್ನು ಮುಟ್ಟಲೂ ಒಪ್ಪಲಿಲ್ಲ. 'ಕತ್ತರಿಸದ ಚಾಕು ಕಂಡುಹಿಡಿದವನು' ಅಂತ ಬ್ರೆಯರ್ಲಿಯನ್ನು ಆಡಿಕೊಂಡರು. ಹಾಗಾಗಿ ಅಲಗಿನ ಮೇಲೆ ಸ್ಟೇನ್‌ಲೆಸ್ ಅಂತ ಇದ್ದರೆ ಆ ಚಾಕು 1914ಕ್ಕಿಂತ ಹಿಂದಿನದ್ದಲ್ಲ ಅಂತ ಕಣ್ಣು ಮುಚ್ಚಿ ಹೇಳಬಹುದು. ಇಲ್ಲದಿದ್ದರೆ ಮಾತ್ರ ಏನೂ ಹೇಳಲಾಗದು. ಜೇಬುಚಾಕುಗಳಲ್ಲಿ ಕಾರ್ಬನ್ ಉಕ್ಕು ಆಮೇಲೂ ಬಹಳ ಕಾಲ ನಡೆಯಿತು, ಈಗಲೂ ನಡೆಯುತ್ತಿದೆ.

ಅಲಗಿನ ಮುದ್ರೆಯಲ್ಲಿ ಬರುವ 'ಇಂಗ್ಲೆಂಡ್' ಅನ್ನುವ ಪದದ ಬಗ್ಗೆ ಜನ ಜಾಸ್ತಿ ನಂಬಿಕೆ ಇಡುತ್ತಾರೆ. ಅಮೆರಿಕದವರು 1890ರಲ್ಲಿ ಮೆಕಿನ್ಲಿ ಸುಂಕದ ಕಾಯ್ದೆ ತಂದರು. ಅದರಿಂದಾಗಿ 1891ರಿಂದ ಅಲ್ಲಿಗೆ ಹೋಗುವ ಸರಕಿನ ಮೇಲೆ ಯಾವ ದೇಶದ್ದು ಅಂತ ಇರಲೇಬೇಕಾಯಿತು. ಅದಕ್ಕೇ 'ಇಂಗ್ಲೆಂಡ್ ಅಂತ ಇಲ್ಲದಿದ್ದರೆ 1891ಕ್ಕಿಂತ ಹಳೆಯದು' ಅನ್ನುವ ಸೂತ್ರ ಹುಟ್ಟಿಕೊಂಡಿತು. ಅಮೆರಿಕದಲ್ಲಿ ಸಿಕ್ಕ ಚಾಕುವಿಗೆ ಅದು ಒಂದು ಮಟ್ಟಿಗೆ ಸರಿ. ಸಕಲೇಶಪುರದ ಕಬ್ಬಿಣದ ಪೆಟ್ಟಿಗೆಯಲ್ಲಿ ಸಿಕ್ಕ ಚಾಕುವಿಗೆ ಅಮೆರಿಕದ ಸುಂಕ ಯಾಕೆ ಬೇಕು? ಇಂಗ್ಲೆಂಡಿನಲ್ಲೇ ಮಾರುವ ಮಾಲಿನ ಮೇಲೆ ಬರೀ 'ಶೆಫೀಲ್ಡ್' ಅಂತ ಒತ್ತುವುದು ಆಮೇಲೂ ನಿಂತಿರಲಿಲ್ಲ. 'ಇಂಗ್ಲೆಂಡ್' ಇದ್ದರೆ ಅದು ಸುಳಿವು, ಇಲ್ಲದಿದ್ದರೆ ಸುಮ್ನೆ ಬಿಟ್ಟುಬಿಡಬೇಕು. ಇದು ನನ್ನ ನಿಲುವು. ಒಪ್ಪದವರು ಇದ್ದಾರೆ.

ಮುದ್ರೆಯನ್ನು ಜಾತಕದ ಹಾಗೆ ನಂಬಬಾರದು ಅಂತ ನಾನು ಹೇಳುವುದಕ್ಕೆ ಇನ್ನೂ ದೊಡ್ಡ ಕಾರಣ ಒಂದಿದೆ. ಶೆಫೀಲ್ಡಿನಲ್ಲಿ ಚಾಕು ಒಬ್ಬನ ಕೈಯಲ್ಲಿ ಆಗುತ್ತಿರಲಿಲ್ಲ. ಅಲಗು ಬಡಿಯುವವನು ಒಬ್ಬ, ಸಾಣೆ ಹಿಡಿಯುವವನು ಇನ್ನೊಬ್ಬ, ಹಿಡಿ, ಸ್ಪ್ರಿಂಗ್, ಅಲಗು ಎಲ್ಲ ಸೇರಿಸಿ ಮೊಳೆ ಬಡಿದು ಜೋಡಿಸುವವನು ಮತ್ತೊಬ್ಬ. ಇವರಲ್ಲಿ ತುಂಬ ಜನ ಕಂಪನಿಯ ನೌಕರರೂ ಅಲ್ಲ. 'ಲಿಟಲ್ ಮೆಸ್ಟರ್' ಅಂತ ಕರೆಸಿಕೊಳ್ಳುತ್ತಿದ್ದ ಚಿಕ್ಕ ಕಸುಬುದಾರರು. ಒಂದು ಬೆಂಚಿನಷ್ಟು ಜಾಗ ಬಾಡಿಗೆಗೆ ಹಿಡಿದು, ಈ ವಾರ ಒಬ್ಬ ಸಾಹುಕಾರನಿಗೆ, ಮುಂದಿನ ವಾರ ಇನ್ನೊಬ್ಬನಿಗೆ ಮಾಡಿಕೊಡುವವರು. ಮುದ್ರೆ ಮಾತ್ರ ಸಾಹುಕಾರನದ್ದು. ಮುದ್ರೆ ಒತ್ತಿದ ಅಲಗುಗಳು ಪೆಟ್ಟಿಗೆಯಲ್ಲಿ ಬಿದ್ದಿದ್ದು ಎಷ್ಟೋ ದಿನದ ಮೇಲೆ ಜೋಡಣೆಯಾಗಬಹುದು. ರಾಜ ಸತ್ತ ಮರುದಿನವೇ ಹಳೆಯ ಅಚ್ಚನ್ನು ಯಾರೂ ಗುಜರಿಗೆ ಹಾಕುವುದಿಲ್ಲ. ಅಂಗಡಿಯಲ್ಲಿ ಮಾರಾಟವಾಗದೆ ಉಳಿದ ಮಾಲಿನ ಲೆಕ್ಕ ಬೇರೆ. ಆದ್ದರಿಂದ ಮುದ್ರೆ ಹೇಳುವುದು 'ಇದಕ್ಕಿಂತ ಮೊದಲು ಅಲ್ಲ' ಅನ್ನುವುದನ್ನು ಮಾತ್ರ. ಯಾರಾದರೂ 'ಇದು 1887ನೇ ಇಸವಿಯದ್ದೇ' ಅಂತ ಉಕ್ಕಿನ ಚಾಕು ತೋರಿಸಿ ಆಣೆ ಮಾಡಿದರೆ ನನಗೆ ನಗು ಬರುತ್ತದೆ.

ಸಾಣೆಯವರ ವಿಷಯ ಬಂತು, ಅದನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗುತ್ತಿಲ್ಲ. ದೊಡ್ಡ ಮರಳುಗಲ್ಲಿನ ಚಕ್ರ ತಿರುಗುತ್ತಿರುತ್ತದೆ. ಅದರ ಹಿಂದೆ ಮರದ ಜೀನಿನ ಮೇಲೆ ಕುದುರೆ ಸವಾರನ ಹಾಗೆ ಕಾಲು ಹಾಕಿ ಕೂತು, ಮುಂದಕ್ಕೆ ಬಗ್ಗಿ ಅಲಗು ಒತ್ತಬೇಕು. ಕಲ್ಲಿನ ಪುಡಿ, ಉಕ್ಕಿನ ಪುಡಿ ಎಲ್ಲ ಮೂಗಿಗೆ. ಒಣ ಕಲ್ಲಿನ ಮೇಲೆ ಕೆಲಸ ಮಾಡುವವರು ನಡುವಯಸ್ಸು ಮುಟ್ಟುವ ಮೊದಲೇ ಶ್ವಾಸಕೋಶ ಹಾಳಾಗಿ ಸಾಯುತ್ತಿದ್ದರು. ಶೆಫೀಲ್ಡಿನ ಶೆಫರ್ಡ್ ವೀಲ್ ಅನ್ನುವ ಹಳೆಯ ಸಾಣೆಮನೆಯಲ್ಲಿ ಆ ಕಲ್ಲು, ಆ ಜೀನು, ಹೊರಗೆ ನೀರಿನ ಚಕ್ರ ಎಲ್ಲವನ್ನೂ ಇದ್ದ ಹಾಗೇ ಉಳಿಸಿದ್ದಾರೆ. ನೀನು ಬಂದಾಗ ಮೊದಲು ಅಲ್ಲಿಗೇ ಕರೆದುಕೊಂಡು ಹೋಗುತ್ತೇನೆ. ಆಮೇಲೆ ಕೆಲಮ್ ಐಲೆಂಡ್ ಮ್ಯೂಸಿಯಂ, ಅಲ್ಲಿ ಕೆನ್ ಹಾಲಿ ಕೂಡಿಸಿಟ್ಟ ಹತ್ಯಾರುಗಳನ್ನು ನೋಡಲು ಒಂದು ದಿನ ಸಾಲದು. ಹಳೆಯ ಪದ್ಧತಿಯ ಜೇಬುಚಾಕು ಕಸುಬಿನಲ್ಲಿ ಪಳಗಿದ ಸ್ಟ್ಯಾನ್ ಶಾ 2021ರಲ್ಲಿ ತೀರಿಕೊಂಡರು.

ಇಸವಿ ಸಹಿತ ಕಾಲ ಬೇಕು ಅನ್ನುವವರು ಉಕ್ಕು ಬಿಟ್ಟು ಬೆಳ್ಳಿಗೆ ಬರಬೇಕು. ಹಣ್ಣು ಕತ್ತರಿಸಲು ಬೆಳ್ಳಿ ಅಲಗಿನ ಪುಟ್ಟ ಮಡಚುವ ಚಾಕುಗಳನ್ನು ಮಾಡುತ್ತಿದ್ದರು. ಹಣ್ಣಿನ ಹುಳಿಗೆ ಉಕ್ಕು ಕಪ್ಪಾಗುತ್ತದೆ, ರುಚಿಯೂ ಕೆಡುತ್ತದೆ, ಅದಕ್ಕೆ. ಬೆಳ್ಳಿ ಅಂದಮೇಲೆ ಕಾನೂನಿನ ಪ್ರಕಾರ ಶುದ್ಧತೆಯ ತಪಾಸಣೆ ತಪ್ಪದು. ಶೆಫೀಲ್ಡಿನ ತಪಾಸಣಾ ಕಚೇರಿ ಶುರುವಾದದ್ದು 1773ರಲ್ಲಿ. 1974ರವರೆಗೆ ಅದರ ಗುರುತು ಕಿರೀಟ. ಅದೇ ವರ್ಷ ಶುರುವಾದ ಬರ್ಮಿಂಗ್‌ಹ್ಯಾಮ್ ಕಚೇರಿಯದ್ದು ಲಂಗರು. ಅದರ ಜೊತೆಗೆ, ಅಸಲಿ ಬೆಳ್ಳಿ ಅನ್ನುವುದಕ್ಕೆ ಹೆಜ್ಜೆ ಹಾಕುತ್ತಿರುವ ಸಿಂಹ, ಮಾಡಿದವನ ಅಕ್ಷರಗಳು, ವರ್ಷಕ್ಕೊಂದು ಬದಲಾಗುವ ಅಕ್ಷರ. 1784ರಿಂದ 1890ರವರೆಗೆ ತೆರಿಗೆ ಕಟ್ಟಿದ್ದಕ್ಕೆ ರಾಜ ಅಥವಾ ರಾಣಿಯ ತಲೆಯೂ ಇರುತ್ತದೆ. ವರ್ಷದ ಅಕ್ಷರದ ಆಕಾರ, ಅದರ ಸುತ್ತಲಿನ ಚೌಕಟ್ಟು ಎರಡನ್ನೂ ಪಟ್ಟಿಯೊಡನೆ ಹೋಲಿಸಿದರೆ ವರ್ಷವೇ ಸಿಗುತ್ತದೆ. ಹಿಡಿಗೆ ಮುತ್ತಿನ ಚಿಪ್ಪು, ಅದರ ಮೇಲೆ ಹೂವು ಬಳ್ಳಿಯ ಕೆತ್ತನೆ. ಇಷ್ಟು ಚೆಂದದ ವಸ್ತುವಿಗೆ ಇಲ್ಲಿನ ಸಂತೆಯಲ್ಲಿ ಬೆಲೆ ಅಷ್ಟೇನಿಲ್ಲ. ಹೊಸದಾಗಿ ಕೂಡಿಸುವವರಿಗೆ ನಾನು ಮೊದಲು ಇದನ್ನೇ ಕೊಳ್ಳಿ ಅನ್ನುತ್ತೇನೆ. ಕಣ್ಣು ಪಳಗುತ್ತದೆ, ಜೇಬೂ ಉಳಿಯುತ್ತದೆ.

ನಿನ್ನ ಚಾಕುವಿಗೆ ವಾಪಸ್ ಬರೋಣ. ಹಿಡಿ ಕಡವೆ ಕೊಂಬಿನದ್ದು ಅನ್ನಿಸುತ್ತದೆ. ಮೂಳೆಯನ್ನು ಕೊರೆದು ಕೊಂಬಿನ ಹಾಗೆ ಕಾಣಿಸುವುದೂ ಉಂಟು. ಮೂಳೆಯಾದರೆ ಭೂತಗನ್ನಡಿಯಲ್ಲಿ ಸೂಜಿ ಚುಚ್ಚಿದಂಥ ರಂಧ್ರಗಳು ಕಾಣುತ್ತವೆ, ಕೊರೆದ ಗೆರೆಗಳೂ ಒಂದೇ ಅಳತೆಯಲ್ಲಿ ಸಾಲಾಗಿರುತ್ತವೆ. ನಿನ್ನದರಲ್ಲಿ ಉಬ್ಬು ತಗ್ಗು ಮರದ ತೊಗಟೆಯ ಥರ ಅಡ್ಡಾದಿಡ್ಡಿ ಇದೆ. ಕಡವೆ ಆದರೆ ತಮಾಷೆ ನೋಡು. ಶೆಫೀಲ್ಡಿನವರಿಗೆ ಒಳ್ಳೆಯ ಕೊಂಬು ಹೋಗುತ್ತಿದ್ದದ್ದು ನಮ್ಮ ದೇಶದಿಂದಲೇ. ಕಡವೆ ವರ್ಷ ವರ್ಷ ಉದುರಿಸಿದ ಕೊಂಬನ್ನು ಕಾಡಿನಲ್ಲಿ ಆರಿಸಿ ಹಡಗು ಹತ್ತಿಸುತ್ತಿದ್ದರು. ಊರಿಂದ ಹೋದ ಕೊಂಬು ಚಾಕುವಾಗಿ ಮತ್ತೆ ಊರಿಗೇ, ಪೌಂಡಿನ ಬೆಲೆಗೆ!

ನೀನು ಬರೆದ ಪ್ರಕಾರ ಅಜ್ಜ ಎಸ್ಟೇಟಿನಲ್ಲಿ ರೈಟರ್ ಆಗಿ ಸೇರಿದ್ದು 1926ರಲ್ಲಿ. ಐದನೇ ಜಾರ್ಜ್ ಇನ್ನೂ ಹತ್ತು ವರ್ಷ ಆಳಿದ. ಕಾರ್ಬನ್ ಅಲಗು, ಕೊಂಬಿನ ಹಿಡಿ, ಕೈಯಲ್ಲೇ ನಯ ಮಾಡಿದ ಕೆಲಸ, ಅಜ್ಜನ ನೌಕರಿ, ಇವೆಲ್ಲವನ್ನೂ ಸೇರಿಸಿದರೆ 1910ಕ್ಕೂ 1930ರ ದಶಕದ ನಡುವಿಗೂ ಮಧ್ಯದ್ದು ಅಂತ ನನ್ನ ಅಂದಾಜು. ಆರನೇ ಜಾರ್ಜ್‌ನ ಮೊದಲ ವರ್ಷಗಳಿಗೂ ಬಾಗಿಲು ಪೂರ್ತಿ ಮುಚ್ಚಿಲ್ಲ. ದೊರೆ ಕೊಟ್ಟನೋ, ಅಜ್ಜನೇ ಮೊದಲ ಸಂಬಳದಲ್ಲಿ ಪೇಟೆಯಿಂದ ತಂದರೋ, ಅದನ್ನು ಉಕ್ಕು ಹೇಳುವುದಿಲ್ಲ. ಅಲಗು ಒಂದು ಬದಿ ಜಾಸ್ತಿ ಸವೆದಿದೆ. ಶೋಕಿಗೆ ಇಟ್ಟುಕೊಂಡದ್ದಲ್ಲ, ದಿನಾ ದುಡಿದ ಚಾಕು ಅಂತ ಮಾತ್ರ ಗೊತ್ತಾಗುತ್ತದೆ.

ಈಗ ಬೈಗುಳ. "ಪಾಲಿಶ್ ಮಾಡಿಸಿ ಫ್ರೇಮ್ ಹಾಕಿಸುತ್ತೇನೆ" ಅಂದಿದ್ದೀಯಲ್ಲ, ಕೈ ಮುಗಿಯುತ್ತೇನೆ, ಮಾಡಿಸಬೇಡ. ಯಂತ್ರದ ಸಾಣೆಗೆ ಕೊಟ್ಟರೆ ಮೊದಲು ಹೋಗುವುದು ಆ ಮುದ್ರೆಯೇ. ಕೆಂಪು ತುಕ್ಕು ಇರುವ ಕಡೆ ಮಾತ್ರ ಎಣ್ಣೆ ಹಚ್ಚಿ ತೀರಾ ನಯವಾದ ಸ್ಟೀಲ್ ವುಲ್‌ನಿಂದ ಮೆಲ್ಲಗೆ ಉಜ್ಜು. ಕಪ್ಪು ಬೂದಿ ಬಣ್ಣ ಹಾಗೇ ಇರಲಿ. ಕೀಲಿಗೆ ಹೊಲಿಗೆ ಮಿಷನ್ ಎಣ್ಣೆ ಒಂದು ಹನಿ ಸಾಕು. ಕೊಬ್ಬರಿ ಎಣ್ಣೆ ಬೇಡ, ಅಂಟಾಗಿ ಧೂಳು ಹಿಡಿಯುತ್ತದೆ. ಕೊಂಬನ್ನು ನೀರಿನಲ್ಲಿ ನೆನೆಹಾಕಬೇಡ. ಚರ್ಮದ ಚೀಲದಲ್ಲೂ ಇಡಬೇಡ, ನಿಮ್ಮ ಮಳೆಗಾಲದ ಥಂಡಿಗೆ ಅದು ತೇವ ಹಿಡಿದು ಅಲಗು ತಿನ್ನುತ್ತದೆ.

"ನಿನಗೇ ಕೊರಿಯರ್ ಮಾಡಲಾ" ಅಂತಲೂ ಕೇಳಿದ್ದೀಯ. ಆಸೆ ಇಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಕಡವೆ ಕೊಂಬಿನ ವಸ್ತು ದೇಶದಿಂದ ಹೊರಗೆ ಕಳಿಸುವುದಕ್ಕೆ ನಮ್ಮ ವನ್ಯಜೀವಿ ಕಾನೂನು ಅಡ್ಡ ಬರುತ್ತದೆ. ದಂತದ ಹಿಡಿಯದ್ದಾದರೆ ಇಲ್ಲೂ ಕಷ್ಟ, 2022ರಿಂದ ಇಂಗ್ಲೆಂಡಿನಲ್ಲಿ ದಂತದ ವ್ಯಾಪಾರ ಬಹುಪಾಲು ನಿಂತಿದೆ. ಅಜ್ಜನ ಚಾಕು ಅಜ್ಜನ ಮನೆಯಲ್ಲೇ ಇರಲಿ.

ಬದಲಿಗೆ ಇನ್ನೂ ಎರಡು ಫೋಟೊ ಕಳಿಸು. ಒಂದು, ದೊಡ್ಡ ಅಲಗಿನ ಬುಡದ ಹಿಂಬದಿ, ಅಲ್ಲಿ 'ಇಂಗ್ಲೆಂಡ್' ಅಂತ ಇದೆಯಾ ನೋಡಬೇಕು. ಇನ್ನೊಂದು, ಚಿಕ್ಕ ಅಲಗಿನ ಬುಡ. ಎರಡೂ ಅಲಗಿನ ಮುದ್ರೆ ಒಂದಕ್ಕೊಂದು ಹೊಂದದಿದ್ದರೆ ಯಾವಾಗಲೋ ಒಂದನ್ನು ಬದಲಾಯಿಸಿರಬಹುದು. ಫ್ಲ್ಯಾಶ್ ಹಾಕಬೇಡ, ಕಿಟಕಿಯ ಪಕ್ಕ ಓರೆಯಾಗಿ ಬೆಳಕು ಬೀಳುವಂತೆ ಹಿಡಿ. ಮತ್ತೆ, ಬಿಚ್ಚುವಾಗ ಉಗುರು ಜೋಪಾನ. ರಾಡ್ಜರ್ಸ್ ಸ್ಪ್ರಿಂಗ್ ನೂರು ವರ್ಷವಾದರೂ ಸಡಿಲಾಗಿರುವುದಿಲ್ಲ.

ಅತ್ತಿಗೆಗೆ ನಮಸ್ಕಾರ ಹೇಳು.

ನಿನ್ನ,
ರಾಘು