ಡಾಕ್ಟರಿಗೆ ಪೇಂಟರ್ ಅಂತ ಹೇಳಿ, ಅಪ್ಪಾಜಿ

ರಾಯಲ್ ಓಕ್, ಮಿಶಿಗನ್
ಸೆಪ್ಟೆಂಬರ್ 12, ಗುರುವಾರ

ತೀರ್ಥರೂಪು ಅಪ್ಪಾಜಿಯವರಿಗೂ ಮಾತೃಶ್ರೀ ಅಮ್ಮನಿಗೂ ಗಿರಿಜಾ ಮಾಡುವ ನಮಸ್ಕಾರಗಳು. ನಾವಿಲ್ಲಿ ಕ್ಷೇಮ. ಅಜ್ಜಿಗೆ, ಚಿಕ್ಕಪ್ಪನವರಿಗೆ, ಮೇಲಿನಮನೆ ಅತ್ತೆಗೆ ಕೇಳಿದೆ ಅಂತ ಹೇಳಿ.

ಶೋಭಾ ಬರೆದದ್ದು ಮೊನ್ನೆ ಕೈಗೆ ಸಿಕ್ಕಿತು. ಎರಡು ರಾತ್ರಿಯಿಂದ ಕಣ್ಣಿಗೆ ನಿದ್ದೆ ಹತ್ತಿಲ್ಲ. ನೀವು ರಾತ್ರಿ ಎರಡು ಗಂಟೆಗೆ ಎದ್ದು ಕಟ್ಟೆ ಮೇಲೆ ಕೂತಿರುತ್ತೀರಂತೆ. ಎದೆಯಲ್ಲಿ ಸಿಳ್ಳೆ ಹೊಡೆದ ಹಾಗೆ ಸದ್ದಂತೆ. ಕೇಳಿದರೆ ‘ಪಿ.ಬಿ. ರೋಡಿನ ಧೂಳು’ ಅಂತ ಮಾತು ಮುಗಿಸುತ್ತೀರಂತೆ. ನನ್ನ ಹತ್ತಿರ ಫೋನಿನಲ್ಲಿ ಮಾತ್ರ ‘ಗುಂಡುಕಲ್ಲಿನ ಹಾಗಿದ್ದೀನಿ’ ಅಂದಿರಿ. ಅಪ್ಪಾಜಿ, ಇಷ್ಟು ದೂರ ಇರುವವಳಿಗೆ ಹೀಗೆ ಮುಚ್ಚಿಡಬಾರದಿತ್ತು.

ಫೋನಿನಲ್ಲಿ ಹೇಳಿದರೆ ನೀವು ಅರ್ಧಕ್ಕೇ ಅಮ್ಮನ ಕೈಗೆ ಕೊಟ್ಟುಬಿಡುತ್ತೀರಿ. ಕಾಗದದಲ್ಲಿ ಬರೆದರೆ ಕನ್ನಡಕ ಹಾಕಿಕೊಂಡು ಎರಡು ಸಲ ಓದುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ. ಹರಿಹರದ ಕಡೆಯವರೊಬ್ಬರು ಇವತ್ತು ರಾತ್ರಿ ಹೊರಡುತ್ತಿದ್ದಾರೆ, ಅವರ ಕೈಯಲ್ಲಿ ಕಳಿಸುತ್ತೇನೆ.

ಅಮ್ಮ, ಮೊದಲು ನಿನ್ನ ಪ್ರಶ್ನೆಗೆ ಉತ್ತರ. ‘ಹಳೇ ಗುಜರಿ ಕಾರಿಗೆ ಅಳಿಯಂದಿರ ದುಡ್ಡು ಸುರಿದಿದ್ದೀಯಂತೆ’ ಅಂತ ಕೇಳಿದ್ದೀಯ. ದುಡ್ಡು ಇಬ್ಬರದೂ. ನಾಲ್ಕು ವರ್ಷದ ಹಿಂದೆ 11,000 ಡಾಲರಿಗೆ ತಂದದ್ದು. ಆಮೇಲಿನ ಖರ್ಚೆಲ್ಲ ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ. ಶೋಭಾಳ ಮದುವೆಗೆ ಅಂತ ಇಟ್ಟದ್ದನ್ನು ಒಂದು ರೂಪಾಯಿಯೂ ಮುಟ್ಟಿಲ್ಲ, ಮುಟ್ಟುವುದೂ ಇಲ್ಲ. ನಿಮ್ಮ ಅಳಿಯಂದಿರು ಮೂರು ಚಳಿಗಾಲ ತಮ್ಮ ಕಾರನ್ನು ಹಿಮದಲ್ಲಿ ನಿಲ್ಲಿಸಿ ಗ್ಯಾರೇಜನ್ನು ನನಗೆ ಬಿಟ್ಟುಕೊಟ್ಟರು. ಒಂದು ದಿನವೂ ಮುಖ ಗಂಟಿಕ್ಕಲಿಲ್ಲ. ನೀನು ಚಿಂತೆ ಮಾಡಬೇಡ.

ಇನ್ನು ಅಪ್ಪಾಜಿ, ಕಾರಿನ ಕಥೆ ನಿಮಗೇ ಹೇಳಬೇಕು. ದಾವಣಗೆರೆಯ ಶೆಡ್ಡಿನಲ್ಲಿ ಇಷ್ಟು ವರ್ಷ ಗಾಡಿಗಳಿಗೆ ಬಣ್ಣ ಹೊಡೆದ ನಿಮಗಲ್ಲದೆ ಬೇರೆ ಯಾರಿಗೂ ಅದು ಪೂರ್ತಿ ಅರ್ಥವಾಗುವುದಿಲ್ಲ.

ಅದು 1970ರ ಡಾಡ್ಜ್ ಚಾಲೆಂಜರ್. ಇಲ್ಲಿಂದ ಸ್ವಲ್ಪ ದೂರದಲ್ಲಿ ಹ್ಯಾಮ್‌ಟ್ರಾಮಿಕ್ ಅಂತ ಒಂದು ಊರಿದೆ. ಸುತ್ತ ಡೆಟ್ರಾಯಿಟ್, ನಡುವೆ ಈ ಪುಟ್ಟ ಊರು. ಈಗ ಅಲ್ಲಿ ಬಾಂಗ್ಲಾದೇಶದವರೂ ಯೆಮನ್‌ನವರೂ ತುಂಬಿದ್ದಾರೆ, ನಾನು ಹಾಗಲಕಾಯಿ ತರುವುದು ಅಲ್ಲಿಂದಲೇ. ಆ ಊರಿನ ಕಾರ್ಖಾನೆಯಲ್ಲೇ ನಮ್ಮ ಕಾರು ತಯಾರಾದದ್ದು. 1980ರಲ್ಲಿ ಅದನ್ನು ಮುಚ್ಚಿದರು, ಆಮೇಲೆ ಕೆಡವಿದರು. ಈಗ ಆ ಜಾಗದಲ್ಲಿ ಬೇರೆ ಕಂಪನಿಯವರು ಬ್ಯಾಟರಿ ವಾಹನ ಮಾಡುತ್ತಾರೆ.

ಇಂಥ ಕಾರುಗಳನ್ನು ಇವರು ಮಸಲ್ ಕಾರ್ ಅನ್ನುತ್ತಾರೆ. ಮಧ್ಯಮ ಗಾತ್ರದ ಕಾರಿಗೆ ದೊಡ್ಡ ಕಾರಿನ ಎಂಜಿನ್ ಕೂರಿಸುವುದು, ಅಷ್ಟೇ ಲೆಕ್ಕ. 1964ರಲ್ಲಿ ಪಾಂಟಿಯಾಕ್‌ನವರು ಜಿಟಿಓ ತಂದ ಮೇಲೆ ಎಲ್ಲರೂ ಅದೇ ದಾರಿ ಹಿಡಿದರು. ಹತ್ತು ವರ್ಷದೊಳಗೆ ಆಟ ಮುಗಿಯಿತು. ಹೊಗೆಯ ಕಾನೂನು ಬಂತು, ಇನ್ಶೂರೆನ್ಸ್ ಏರಿತು, 1973ರಲ್ಲಿ ಅರಬರು ಎಣ್ಣೆ ನಿಲ್ಲಿಸಿದರು. ಹಳೆಯ ಚಾಲೆಂಜರ್ 1974ಕ್ಕೇ ನಿಂತುಹೋಯಿತು. ನಮ್ಮದರಲ್ಲಿರುವುದು 5.2 ಲೀಟರಿನ ವಿ-8. ನೀವು ಬಿಚ್ಚಿ ಜೋಡಿಸುತ್ತಿದ್ದ ಅಂಬಾಸಿಡರಿನದು ಒಂದೂವರೆ ಲೀಟರು! ಇವರ ಲೆಕ್ಕಕ್ಕೆ ನಮ್ಮದು ಅಂಥ ದೊಡ್ಡ ಎಂಜಿನ್ನೇ ಅಲ್ಲ. ಏಳು ಲೀಟರಿನವೂ ಇದ್ದವು.

ತಂದಾಗ ಅದು ನೀಲಿ ಬಣ್ಣದಲ್ಲಿತ್ತು. ಬಾಗಿಲ ರಬ್ಬರ್ ಕಿತ್ತರೆ ನೀಲಿಯ ಕೆಳಗೆ ಕಪ್ಪು, ಕಪ್ಪಿನ ಕೆಳಗೆ ಬೂದು ಪ್ರೈಮರು, ಅದರ ಕೆಳಗೆ ನೇರಳೆ. ನಮ್ಮ ನೇರಳೆ ಹಣ್ಣು ತಿಂದ ನಾಲಿಗೆಯ ಬಣ್ಣವೇ. ಬಾನೆಟ್ ಒಳಗೆ ಎಡಗಡೆ ತಗಡಿನ ಚೀಟಿಯಂಥದ್ದೊಂದು ಇರುತ್ತದೆ, ಅದರ ಮೇಲೆ ಎಫ್‌ಸಿ7 ಅಂತ ಒತ್ತಿತ್ತು. ಪ್ಲಮ್ ಕ್ರೇಜಿ ಅಂತ ಆ ಬಣ್ಣದ ಹೆಸರು. ಅಮ್ಮನ ಇಳಕಲ್ ಸೀರೆ ಜ್ಞಾಪಕ ಬಂದು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಹುಟ್ಟಿದ ಬಣ್ಣವನ್ನೇ ಕೊಡಬೇಕು ಅಂತ ಅವತ್ತೇ ತೀರ್ಮಾನವಾಯಿತು.

ತುಕ್ಕಿನ ವಿಷಯ ಕೇಳಿದರೆ ನೀವು ನಂಬುವುದಿಲ್ಲ. ಚಳಿಗಾಲದಲ್ಲಿ ಹಿಮ ಕರಗಲಿ ಅಂತ ಇವರು ರಸ್ತೆಗೆ ಉಪ್ಪು ಸುರಿಯುತ್ತಾರೆ, ಲಾರಿಗಟ್ಟಲೆ. ಆ ಉಪ್ಪುನೀರು ತಗಡನ್ನು ಒಳಗಿನಿಂದ ತಿನ್ನುತ್ತದೆ. ಹಿಂದಿನ ಚಕ್ರದ ಮೇಲೆ ಬೆರಳಿಟ್ಟರೆ ಹಪ್ಪಳದ ಹಾಗೆ ಮುರಿಯಿತು. ಡಿಕ್ಕಿಯ ನೆಲ ಪೂರ್ತಿ ಹೋಗಿತ್ತು. ಹೊಸ ತಗಡು ಈಗಲೂ ಅಚ್ಚು ಹಾಕಿ ಮಾರುತ್ತಾರೆ. ಕೊಳೆತದ್ದನ್ನು ಕತ್ತರಿಸಿ ಬೆಸುಗೆ ಹಾಕಿಸಿದೆವು. ಪುಟ್ಟಿ ಎಷ್ಟು ತೆಳ್ಳಗೆ ಹಾಕಿದ್ದೇವೆ ಅಂದರೆ ನೀವು ನೋಡಿದ್ದರೆ ಬೆನ್ನು ತಟ್ಟುತ್ತಿದ್ದಿರಿ. ‘ಪುಟ್ಟಿ ಇರೋದು ಗೀರು ಮುಚ್ಚೋಕೆ, ಗುಂಡಿ ಮುಚ್ಚೋಕಲ್ಲ’ ಅಂತ ನೀವು ಹುಡುಗರಿಗೆ ಬಯ್ಯುತ್ತಿದ್ದುದು ಕಿವಿಯಲ್ಲೇ ಇತ್ತು.

ಕೆಲವನ್ನು ಬದಲಾಯಿಸಿದ್ದೇವೆ. ಮುಂದೆ ಡ್ರಮ್ ಬ್ರೇಕ್ ಇತ್ತು, ಡಿಸ್ಕ್ ಹಾಕಿಸಿದೆವು. ಎಂಜಿನ್ನಿಗೆ ಕಿಡಿ ಕೊಡುವ ಹಳೇ ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಕೂರಿಸಿದೆವು. ಸೀಸ ಬೆರೆಸಿದ ಪೆಟ್ರೋಲ್ ಈಗ ಸಿಗುವುದಿಲ್ಲ, ಅದಕ್ಕೆ ಹೆಡ್ ಬಿಚ್ಚಿದಾಗಲೇ ಗಟ್ಟಿ ವಾಲ್ವ್ ಸೀಟ್ ಹಾಕಿಸಿದ್ದು. ಭುಜದ ಮೇಲೆ ಬರುವ ಬೆಲ್ಟೂ ಹೊಸದು. ಎಲ್ಲವನ್ನೂ ಮೊದಲಿದ್ದ ಹಾಗೇ ಇಡಬೇಕು ಅನ್ನುವವರು ಇಲ್ಲಿ ಬಹಳ. ನಾನು ಒಪ್ಪುವುದಿಲ್ಲ. ಓಡಿಸುವ ಕಾರು ನಿಲ್ಲಬೇಕಾದಲ್ಲಿ ನಿಲ್ಲಬೇಕು.

ಬಣ್ಣದ ಕೆಲಸದಲ್ಲಿ ಉಜ್ಜಿದ್ದೆಲ್ಲ ನಾನೇ. ಎಂಟು ತಿಂಗಳ ಶನಿವಾರ, ಭಾನುವಾರ. ಪ್ರೈಮರ್ ಮೇಲೆ ಕಪ್ಪು ಪುಡಿ ಸವರಿ, ಉದ್ದನೆಯ ಹಲಗೆಗೆ ಪೇಪರ್ ಕಟ್ಟಿ ಓರೆಯಾಗಿ ಉಜ್ಜಬೇಕು. ಕಪ್ಪು ಉಳಿದಲ್ಲಿ ತಗ್ಗು ಅಂತ ಲೆಕ್ಕ. ಮೊದಲು 180, ಆಮೇಲೆ 320, ಕೊನೆಗೆ 600ರ ವಾಟರ್ ಪೇಪರು. ಆ ಕಪ್ಪು ಪುಡಿ ನಮ್ಮ ಶೆಡ್ಡಿನಲ್ಲಿ ಇರಲಿಲ್ಲ. ನೀವು ಕಣ್ಣು ಮುಚ್ಚಿ ಅಂಗೈ ಸವರಿಯೇ ತಗ್ಗು ಹೇಳುತ್ತಿದ್ದಿರಿ. ಇಲ್ಲಿನ ಪೇಂಟರ್ ಅಜ್ಜನೂ ಹಾಗೇ ಮಾಡಿದರು, ತೆಳು ಬಟ್ಟೆ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ. ನನಗೆ ಗಂಟಲು ಕಟ್ಟಿತು.

ಇನ್ನೊಂದು ಹೇಳಲೇಬೇಕು. ನೀವು ಬಾಯಿ ತೆಗೆದರೆ ‘ಡ್ಯೂಕೊ’ ಅನ್ನುತ್ತೀರಲ್ಲ, ಆ ಹೆಸರು ಇಲ್ಲಿಯದೇ. ಮೊದಲು ಕಾರಿಗೆ ಬ್ರಷ್‌ನಲ್ಲಿ ವಾರ್ನಿಷ್ ಬಳಿದು ವಾರಗಟ್ಟಲೆ ಒಣಗಿಸುತ್ತಿದ್ದರಂತೆ. ಡುಪಾಂಟ್ ಕಂಪನಿ ಡ್ಯೂಕೊ ಅನ್ನುವ ಬಣ್ಣ ಮಾಡಿದ ಮೇಲೆ ಸ್ಪ್ರೇ ಗನ್‌ನಲ್ಲಿ ಹೊಡೆದು ಬೇಗ ಒಣಗಿಸುವುದು ಸಾಧ್ಯವಾಯಿತು. ಅದು ಮೊದಲು ಬಂದದ್ದು 1924ರ ಮಾಡೆಲಿನ ಓಕ್‌ಲ್ಯಾಂಡ್ ಕಾರಿನ ಮೇಲೆ, ನೀಲಿ ಬಣ್ಣದಲ್ಲಿ. ಆ ಕಾರಿನ ಕಾರ್ಖಾನೆ ಇದ್ದದ್ದು ಪಾಂಟಿಯಾಕ್ ಊರಿನಲ್ಲಿ, ನಮ್ಮ ಮನೆ ಹತ್ತಿರದ ವುಡ್‌ವರ್ಡ್ ರಸ್ತೆ ಹಿಡಿದು ಮೇಲಕ್ಕೆ ಹೋದರೆ ಅದೇ ಊರು. ನಾನು ಚಿಕ್ಕವಳಿದ್ದಾಗ ದಾವಣಗೆರೆಯಲ್ಲಿ ಮೂಸಿದ ವಾಸನೆ ಇಲ್ಲಿಂದ ಹೊರಟದ್ದು!

ಆ ವಾಸನೆಯ ಮಾತೇ ನಾನು ಹೇಳಬೇಕಾದದ್ದು.

ಬಣ್ಣ ಹೊಡೆಯುವ ದಿನ ಅಜ್ಜ ನನ್ನನ್ನು ಬೂತ್ ಒಳಗೆ ಬಿಡಲಿಲ್ಲ. ಗಾಜಿನ ಆಚೆ ನಿಂತು ನೋಡು ಅಂದರು. ಅವರು ತಲೆಯಿಂದ ಕಾಲಿನವರೆಗೆ ಬಿಳಿ ಅಂಗಿ, ಕೈಗವಸು ಹಾಕಿ, ಮುಖ ಪೂರ್ತಿ ಮುಚ್ಚುವ ಮಾಸ್ಕ್ ಹಾಕಿಕೊಂಡರು. ಆ ಮಾಸ್ಕಿಗೆ ಹೊರಗಿನಿಂದ ಬೇರೆ ಪಂಪಿನ ಶುದ್ಧ ಗಾಳಿ ಪೈಪಿನಲ್ಲಿ ಬರುತ್ತದೆ. ಬಣ್ಣದ ಪದರ ಹೊಡೆಯುವಾಗಲೂ ಅದೇ ಮಾಸ್ಕ್, ಮೇಲಿನ ಕ್ಲಿಯರ್ ಪದರ ಹೊಡೆಯುವಾಗಲೂ ಅದೇ. ಇಷ್ಟೆಲ್ಲ ಯಾಕೆ ಅಂದೆ. ಹಾರ್ಡ್ನರ್ ಡಬ್ಬಿ ಎತ್ತಿ ತೋರಿಸಿದರು. ಅದರಲ್ಲಿ ಐಸೊಸೈನೇಟ್ ಅಂತ ಇರುತ್ತದೆ. ಬಣ್ಣವನ್ನು ಗಟ್ಟಿ ಮಾಡುವುದು ಅದೇ, ಪೇಂಟರುಗಳ ಎದೆ ಕೆಡಿಸುವುದೂ ಅದೇ. ಅದಕ್ಕೆ ವಾಸನೆಯೇ ಗೊತ್ತಾಗುವುದಿಲ್ಲ, ನಮ್ಮ ಮೂಗಿಗೆ ಬಡಿಯುವುದು ಥಿನ್ನರ್ ಮಾತ್ರ. ವರ್ಷಗಟ್ಟಲೆ ಏನೂ ಆಗದೆ ಇದ್ದು, ಒಂದು ದಿನ ಮೈ ತಿರುಗಿ ಬೀಳುತ್ತದೆ. ಆಮೇಲೆ ಒಂದು ಚೂರು ಸೋಕಿದರೂ ಉಸಿರು ಕಟ್ಟುತ್ತದೆ. ಅವರ ಜೊತೆ ಕೆಲಸ ಮಾಡಿದವರೊಬ್ಬರಿಗೆ ಈಗ ಬಣ್ಣದ ಅಂಗಡಿ ಮೆಟ್ಟಿಲು ಹತ್ತಲೂ ಆಗುವುದಿಲ್ಲವಂತೆ.

ಗಾಜಿನ ಆಚೆ ನೇರಳೆ ಬಣ್ಣ ಕೂರುತ್ತಿತ್ತು. ನನ್ನ ಕಣ್ಣ ಮುಂದೆ ಇದ್ದದ್ದು ಒದ್ದೆ ಟವೆಲನ್ನು ಮೂಗಿಗೆ ಕಟ್ಟಿಕೊಂಡು ಲಾರಿ ಕ್ಯಾಬಿನ್‌ಗೆ ಗನ್ ಹಿಡಿದ ನೀವು.

ಶೋಭಾ ಬರೆದದ್ದನ್ನು ಮತ್ತೆ ಓದಿದೆ. ಗಣೇಶನ ಹಬ್ಬಕ್ಕೆ ಶೆಡ್ಡು ಮುಚ್ಚಿದ ಮೂರು ದಿನ ಚೆನ್ನಾಗಿ ನಿದ್ದೆ ಮಾಡಿದಿರಂತೆ. ಅತ್ತೆ ಊರಿನ ಮದುವೆಗೆ ಹೋಗಿ ನಾಲ್ಕು ದಿನ ಇದ್ದಾಗ ಒಂದು ಸಲವೂ ಕೆಮ್ಮಲಿಲ್ಲವಂತೆ. ಆ ಊರಿನಲ್ಲಿ ಧೂಳಿಲ್ಲವೇ ಅಪ್ಪಾಜಿ? ಮಣ್ಣು ರಸ್ತೆ, ಒಕ್ಕಣೆ ಕಣ, ಎಲ್ಲ ಇತ್ತಲ್ಲ. ವಾಪಸ್ ಬಂದು ಶೆಡ್ಡಿನ ಬಾಗಿಲು ತೆಗೆದ ರಾತ್ರಿಯೇ ಮತ್ತೆ ಸಿಳ್ಳೆ. ನೀವು ಬರೀ ಡ್ಯೂಕೊ ಹೊಡೆಯುತ್ತಿದ್ದಾಗ ಹೀಗಿರಲಿಲ್ಲ. ಹಾರ್ಡ್ನರ್ ಬೆರೆಸುವ ಬಣ್ಣ ಶೆಡ್ಡಿಗೆ ಬಂದ ಮೇಲೆ ಶುರುವಾದದ್ದು. ಲೆಕ್ಕ ಹಾಕಿ ನೋಡಿ.

ನೀವು ಡಾಕ್ಟರ ಹತ್ತಿರ ಹೋಗಿದ್ದಿರಿ, ಕೆಮ್ಮಿನ ಔಷಧಿ ತಂದಿರಿ, ಸರಿ. ಏನು ಕೆಲಸ ಅಂತ ಕೇಳಿದ್ದಕ್ಕೆ ‘ವ್ಯಾಪಾರ’ ಅಂದಿರಂತೆ. ಯಾಕೆ ಹಾಗೆ ಹೇಳಿದಿರಿ ಅಂತ ನನಗೆ ಗೊತ್ತು. ಪೇಂಟರ್ ಅಂದರೆ ಶೆಡ್ಡು ಮುಚ್ಚು ಅಂತಾರೆ ಅನ್ನುವ ಭಯ. ಅಪ್ಪಾಜಿ, ಕೈಮುಗಿದು ಕೇಳುತ್ತೇನೆ, ಎದೆಯ ಡಾಕ್ಟರ ಹತ್ತಿರ ಹೋಗಿ ಪೇಂಟರ್ ಅಂತ ಹೇಳಿ. ಎಷ್ಟು ವರ್ಷದಿಂದ, ಯಾವ ಬಣ್ಣ, ಎಲ್ಲ ಹೇಳಿ. ಹಾರ್ಡ್ನರ್ ಡಬ್ಬಿಯ ಲೇಬಲ್ಲಿನ ಫೋಟೊ ಶೋಭಾ ತೆಗೆದುಕೊಡಲಿ, ತೋರಿಸಿ. ಊದಿಸಿ ನೋಡುವ ಪರೀಕ್ಷೆ ಮಾಡುತ್ತಾರೆ, ನೋವಿಲ್ಲ. ಬಾಯಿಂದ ಔಷಧಿ ಎಳೆದುಕೊಳ್ಳುವ ಪಂಪ್ (ಇನ್‌ಹೇಲರ್) ಕೊಟ್ಟರೆ ತೆಗೆದುಕೊಳ್ಳಿ. ಪಂಪ್ ಚಟ ಆಗಿಬಿಡುತ್ತೆ ಅನ್ನುವ ಮೇಲಿನಮನೆ ಅತ್ತೆಯ ಮಾತು ಸುಳ್ಳು. ಆದರೆ ಪಂಪ್ ಎಳೆದುಕೊಂಡು ಮತ್ತೆ ಗನ್ ಹಿಡಿಯಬಾರದು. ಇದರಿಂದ ಬಂದ ಉಬ್ಬಸ ಅಂತಾದರೆ, ಬೇಗ ಬಿಟ್ಟಷ್ಟೂ ಎದೆ ಸುಧಾರಿಸುತ್ತದೆ.

ಶೆಡ್ಡು ಮುಚ್ಚಿ ಅಂತ ನಾನು ಹೇಳುತ್ತಿಲ್ಲ. ಬಣ್ಣ ಹೊಡೆಯುವ ಹೊತ್ತಿಗೆ ನೀವು ಅಲ್ಲಿರಬೇಡಿ, ಅಷ್ಟೇ. ಹಳೇ ಲಾರಿಯ ಬಣ್ಣ ನೋಡಿ ಅದಕ್ಕೆ ಜೋಡಿ ಬಣ್ಣ ಹೇಳುವವರು ದಾವಣಗೆರೆಯಲ್ಲಿ ಎಷ್ಟು ಜನ ಇದ್ದಾರೆ? ಅದು ನಿಮ್ಮ ಕಣ್ಣಿನಲ್ಲಿರುವ ವಿದ್ಯೆ, ಗನ್ನಿನಲ್ಲಿಲ್ಲ. ಹೊಡೆಯುವ ಕೆಲಸ ಹುಡುಗರಿಗೆ ಬಿಡಿ, ಆದರೆ ಅವರೂ ಟವೆಲ್ ಕಟ್ಟಿಕೊಂಡು ಹೊಡೆಯಬಾರದು. ಅವರಿಗೂ ಅಪ್ಪ ಅಮ್ಮ ಇದ್ದಾರೆ. ಈ ಚೀಲದಲ್ಲಿ ಮೂರು ಮಾಸ್ಕ್ ಇವೆ, ಬದಲಿಸುವ ಫಿಲ್ಟರೂ ಇವೆ. ಇವು ಉಜ್ಜುವ ಧೂಳಿಗೆ, ಥಿನ್ನರಿಗೆ. ಹಾರ್ಡ್ನರ್ ಬಣ್ಣಕ್ಕೆ ಸಾಲುವುದಿಲ್ಲ, ಅದಕ್ಕೆ ಗಾಳಿ ಪೈಪಿನದೇ ಬೇಕು. ಶೆಡ್ಡಿನ ಕಂಪ್ರೆಸರಿಗೇ ಪೈಪ್ ಜೋಡಿಸಿ ಉಸಿರಾಡಬೇಡಿ, ಅದರ ಗಾಳಿಯಲ್ಲಿ ಎಣ್ಣೆ, ವಿಷದ ಹೊಗೆ ಬರುತ್ತದೆ. ಉಸಿರಿಗೆ ಅಂತಲೇ ಬೇರೆ ಪಂಪ್ ಇದೆ, ದುಡ್ಡು ಮುಂದಿನ ವಾರ ಹಾಕುತ್ತೇನೆ. ಹುಡುಗರು ಗಡ್ಡ ಬೋಳಿಸಬೇಕು, ಗಡ್ಡವಿದ್ದರೆ ಮಾಸ್ಕ್ ಮುಖಕ್ಕೆ ಕೂರುವುದಿಲ್ಲ.

ನನ್ನ ಬಗ್ಗೆ ಚಿಂತೆ ಬೇಡ. ನಾನು ಗನ್ ಹಿಡಿಯಲೇ ಇಲ್ಲ. ಉಜ್ಜುವಾಗಲೂ ಮಾಸ್ಕ್ ಹಾಕಿಯೇ ಇದ್ದೆ, ಹಳೇ ಬಣ್ಣದಲ್ಲಿ ಸೀಸ ಇರುತ್ತದೆ ಅಂತ ಆ ಬಟ್ಟೆಯನ್ನೂ ಬೇರೆಯೇ ಒಗೆದೆ. ನನಗೆ ಕೆಮ್ಮಿಲ್ಲ, ದಮ್ಮಿಲ್ಲ. ಊಟ ಚೆನ್ನಾಗಿದೆ, ನಿದ್ದೆ ಚೆನ್ನಾಗಿದೆ. ಈ ಎರಡು ರಾತ್ರಿ ಬಿಟ್ಟರೆ ಎಲ್ಲ ಚೆನ್ನಾಗಿದೆ.

ಆಗಸ್ಟಿನ ಮೂರನೇ ಶನಿವಾರ ವುಡ್‌ವರ್ಡ್ ರಸ್ತೆಯಲ್ಲಿ ಹಳೇ ಕಾರುಗಳ ಜಾತ್ರೆ. ಫರ್ನ್‌ಡೇಲ್ ಊರಿನ ಮಕ್ಕಳಿಗೆ ಫುಟ್‌ಬಾಲ್ ಮೈದಾನ ಮಾಡಲು ದುಡ್ಡು ಕೂಡಿಸೋಣ ಅಂತ 1995ರಲ್ಲಿ ಶುರುವಾದದ್ದಂತೆ. ಈಗ ಜನ ಬೆಳಗ್ಗೆಯೇ ಮಡಿಚುವ ಕುರ್ಚಿ ತಂದು ರಸ್ತೆ ಬದಿ ಕೂರುತ್ತಾರೆ, ನಮ್ಮಲ್ಲಿ ತೇರಿಗೆ ಕಾಯುವ ಹಾಗೆ. ನಾವೂ ಕಾರು ತೆಗೆದುಕೊಂಡು ಹೋದೆವು. ಒಬ್ಬ ಮುದುಕರು ಕುರ್ಚಿಯಿಂದ ಎದ್ದು ಬಂದು, ತಾವು ಹ್ಯಾಮ್‌ಟ್ರಾಮಿಕ್ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು ಅಂತ ಹೇಳಿ, ಬಾಗಿಲಿನ ಅಂಚಿನಲ್ಲಿ ಕೈಯಾಡಿಸಿದರು. ಇದನ್ನು ಉಜ್ಜಿದವರು ಯಾರು ಅಂದರು. ನಾನೇ ಅಂದೆ. ಯಾರು ಕಲಿಸಿದರು ಅಂದರು. ನಿಮ್ಮ ಹೆಸರು ಹೇಳಿದೆ ಅಪ್ಪಾಜಿ, ಅವರು ಅದನ್ನು ಎರಡು ಸಲ ಹೇಳಿ ಕಲಿತುಕೊಂಡರು.

ಹೊರಡುವವರು ಆಗಲೇ ಫೋನ್ ಮಾಡಿದರು, ಬಾಗಿಲಿಗೇ ಬಂದಿದ್ದಾರೆ. ಮಾಸ್ಕ್ ಪಕ್ಕದಲ್ಲಿ ಕಾಗದ ಸುತ್ತಿದ ಅಂಗೈ ಅಗಲದ ತಗಡಿದೆ, ನಮ್ಮ ಕಾರಿನ ಬಣ್ಣದ ಸ್ಯಾಂಪಲ್. ಬಿಸಿಲಿಗೆ ಹಿಡಿದು ನೋಡಿ, ಬಣ್ಣ ಕಿತ್ತಳೆ ಸಿಪ್ಪೆಯ ಹಾಗೆ ಎಲ್ಲಾದರೂ ತರಿತರಿಯಾಗಿ ಎದ್ದಿದ್ದರೆ ಹೇಳಿ. ಸೋಮವಾರ ಡಾಕ್ಟರ ಹತ್ತಿರ. ಶೋಭಾ ಜೊತೆಗೆ ಹೋಗಲಿ. ಅಮ್ಮ, ನೀನೂ ಹೋಗು, ‘ವ್ಯಾಪಾರ’ ಅಂದರೆ ಅಲ್ಲೇ ತಿದ್ದು. ಚಟ್ನಿಪುಡಿ ಈ ಸಲ ಬೇಡ, ಇನ್ನೂ ಇದೆ. ಅಳಿಯಂದಿರ ನಮಸ್ಕಾರ.

ನಿಮ್ಮ ಮಗಳು
ಗಿರಿಜಾ