ರಾತ್ರಿ ಹತ್ತರ ಮೀಟಿಂಗ್

ಅಕ್ಟೋಬರ್ ಮೊದಲ ಭಾನುವಾರ ಮೆಲ್ಬರ್ನ್‌ನ ಗಡಿಯಾರಗಳು ಒಂದು ಗಂಟೆ ಮುಂದಕ್ಕೆ ಹೋದವು. ಬೆಂಗಳೂರಿನ ತಂಡ ಸಂಜೆ ನಾಲ್ಕೂವರೆಗೆ ಮೀಟಿಂಗ್ ಇಟ್ಟರೆ ನಮಗೀಗ ರಾತ್ರಿ ಹತ್ತು. ಗಣೇಶನ ಹಬ್ಬದ ಊಟದ ದಿನ, ಅದೂ ಶನಿವಾರ, ಇಲ್ಲಿನ ನಮ್ಮ ಕನ್ನಡ ಸಂಘದ ಸದಸ್ಯರೊಬ್ಬರು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಸಭಾಂಗಣದ ಅಡುಗೆಮನೆಯ ಮೂಲೆ ಹಿಡಿದಿದ್ದರು. ಕೈಯಲ್ಲಿದ್ದ ಹೋಳಿಗೆಯ ಮೇಲೆ ತುಪ್ಪ ಹೆಪ್ಪುಗಟ್ಟಿತ್ತು. ‘ಅಡ್ಜಸ್ಟ್ ಮಾಡಿಕೊಳ್ಳಬೇಕಲ್ಲ’ ಎಂದು ನಕ್ಕರು.

ತಾಳಿದವನು ಬಾಳಿಯಾನು ಎಂದು ಕೇಳುತ್ತಲೇ ಬೆಳೆದವರು ನಾವು. ಗಾದೆಯ ಮೇಲೆ ನನಗೆ ತಕರಾರಿಲ್ಲ. ಮ್ಯಾನೇಜರ್‌ಗೆ ಹೇಳಬೇಕಾದ ಮಾತನ್ನು ನುಂಗಿಕೊಳ್ಳಲು ಅದನ್ನೇ ನೆಪ ಮಾಡಿಕೊಳ್ಳುತ್ತೇವಲ್ಲ, ತಕರಾರು ಅದರ ಮೇಲೆ.

ಆಸ್ಟ್ರೇಲಿಯದಲ್ಲಿ 2024ರ ಆಗಸ್ಟ್ 26ರಿಂದ ಕೆಲಸದ ಹೊತ್ತು ಮುಗಿದ ಮೇಲೆ ಬರುವ ಕರೆ, ಇಮೇಲ್‌ಗಳಿಗೆ ಉತ್ತರಿಸದಿರುವ ಹಕ್ಕು ನೌಕರರಿಗಿದೆ. ಹದಿನೈದಕ್ಕಿಂತ ಕಡಿಮೆ ಜನರಿರುವ ಸಂಸ್ಥೆಗಳಿಗೂ 2025ರ ಅದೇ ದಿನದಿಂದ ಇದು ಅನ್ವಯಿಸಿದೆ. ಹಾಗೆಂದು ಕಣ್ಣುಮುಚ್ಚಿ ಫೋನ್ ಆರಿಸಿಬಿಡುವಂತಿಲ್ಲ: ನಿರಾಕರಣೆ ನ್ಯಾಯಸಮ್ಮತವಾಗಿರಬೇಕು. ಕರೆಯ ಕಾರಣ, ನಿಮ್ಮ ಹುದ್ದೆ, ಅದಕ್ಕೆ ಸಂಬಳ ಸಿಗುತ್ತದೆಯೇ, ಮನೆಯಲ್ಲಿ ಮಕ್ಕಳೋ ಹಿರಿಯರೋ ಇದ್ದಾರೆಯೇ, ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಮೊದಲು ಕಚೇರಿಯಲ್ಲೇ ಮಾತು. ಬಗೆಹರಿಯದಿದ್ದರೆ ಕೆಲಸದ ವ್ಯಾಜ್ಯಗಳನ್ನು ನೋಡುವ ಫೇರ್ ವರ್ಕ್ ಕಮಿಷನ್.

‘ವೀಸಾ ಅವರ ಕೈಯಲ್ಲಿದೆ, ಬಾಯಿ ಬಿಡುವುದು ಹೇಗೆ?’ ಎನ್ನುತ್ತಾರೆ ಹೊಸದಾಗಿ ಬಂದವರು. ಅವರ ಭಯ ಸುಳ್ಳಲ್ಲ. ಆದರೆ ಕಂಪನಿ ಪ್ರಾಯೋಜಿಸಿದ 482 ವೀಸಾದಲ್ಲಿರುವವರು ಕೆಲಸ ಹೋದರೆ ಹೊಸ ಪ್ರಾಯೋಜಕರನ್ನು ಹುಡುಕಿಕೊಳ್ಳಲು ಹಿಂದೆ ಇದ್ದದ್ದು 60 ದಿನ. 2024ರ ಜುಲೈನಿಂದ ಒಂದು ಸಲಕ್ಕೆ 180 ದಿನ, ವೀಸಾದ ಒಟ್ಟು ಅವಧಿಯಲ್ಲಿ 365 ದಿನ. ಇದು ಗೊತ್ತಿದ್ದರೆ ನಿದ್ದೆ ತುಸುವಾದರೂ ಹತ್ತೀತು.

ನಿದ್ದೆಯೇ ಬಾರದವರು, ಸಣ್ಣದಕ್ಕೂ ಮಕ್ಕಳ ಮೇಲೆ ರೇಗುವವರು ಕುಟುಂಬ ವೈದ್ಯರ ಬಳಿ ಹೋಗಿ. ಮಾನಸಿಕ ಚಿಕಿತ್ಸಾ ಯೋಜನೆ ಬರೆಸಿಕೊಂಡರೆ, ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ ಇರುವವರಿಗೆ ಮನಶ್ಶಾಸ್ತ್ರಜ್ಞರೊಂದಿಗೆ ವರ್ಷಕ್ಕೆ ಹತ್ತು ಭೇಟಿಗಳವರೆಗೆ ಸಹಾಯಧನ ಸಿಗುತ್ತದೆ. ತೀರಾ ಕೈಮೀರಿತು ಎನಿಸಿದ ರಾತ್ರಿ ಲೈಫ್‌ಲೈನ್ ಸಹಾಯವಾಣಿಯ 13 11 14ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ಮಧುಮೇಹಕ್ಕೆ ಮಾತ್ರೆ ನುಂಗಲು ನಾಚದ ನಾವು ಇದಕ್ಕೇಕೆ ‘ಯಾರಿಗಾದರೂ ಗೊತ್ತಾದರೆ’ ಎನ್ನುತ್ತೇವೋ ಕಾಣೆ.

ಅಂದಹಾಗೆ, ನಮ್ಮ ಸಂಘವೇನೂ ಕಡಿಮೆಯಿಲ್ಲ. ರಾಜ್ಯೋತ್ಸವದ ತಯಾರಿಯ ವಾಟ್ಸಾಪ್ ಸಂದೇಶಗಳು ರಾತ್ರಿ ಒಂಬತ್ತರ ನಂತರ ಬೇಡ ಎಂದು ಸಮಿತಿಗೆ ಬರೆದಿದ್ದೆ. ‘ಖಂಡಿತ ಪರಿಶೀಲಿಸೋಣ’ ಎಂಬ ಉತ್ತರ ಹನ್ನೊಂದೂಕಾಲಿಗೆ ಬಂತು.