ತುಳಸಿ ಅಂತ ಹೆಸರಿಟ್ಟವಳ ಪತ್ರ

ಪ್ರೀತಿಯ ಕೂಸೇ,

ನಿನ್ನೆ ಫೋನಿನಲ್ಲಿ ನೀನು ಕೇಳಿದ್ದು ತಲೆಯಿಂದ ಹೋಗಲಿಲ್ಲ. "ಆಯಿ, ನನ್ನ ವಯಸ್ಸಿನವರಿಗೆ ಯಾರಿಗೂ ಈ ಹೆಸರಿಲ್ಲ. ಹಾಸ್ಟೆಲಿನಲ್ಲಿ ಎಲ್ಲರೂ ತುಲ್ಸಿ ಅಂತಾರೆ. ಬದಲಾಯಿಸಿಕೊಂಡರೆ ನಿಂಗೆ ಬೇಜಾರಾ?" ಆಗ ಒಲೆ ಮೇಲೆ ಹಾಲಿತ್ತು, ಏನೋ ಹೇಳಿ ಇಟ್ಟುಬಿಟ್ಟೆ. ಈಗ ಕೂತು ಬರೆಯುತ್ತಿದ್ದೇನೆ.

ತುಲ್ಸಿ ಅನ್ನುವವರ ಮೇಲೆ ಸಿಟ್ಟಾಗಬೇಡ. ಸಂಸ್ಕೃತದಲ್ಲಿ ಅದು ತುಲಸೀ. ಹಿಂದಿಯವರು ನಡುವಿನ ಅಕಾರ ನುಂಗಿದರು, ನಾವು ನಾಲಿಗೆ ಮಡಚಿ ಳ ಮಾಡಿಕೊಂಡೆವು. ತಮಿಳು, ಮಲಯಾಳದಲ್ಲೂ ಳ ಉಂಟು. ಮರಾಠಿಯವರಿಗೆ ಗಿಡ ತುಳಸ್, ಹೆಂಗಸರ ಹೆಸರು ತುಳಸಾ. ತುಲನೆ ಇಲ್ಲದವಳು ತುಳಸಿ ಅಂತ ಹಿರಿಯರು ಅರ್ಥ ಹೇಳುತ್ತಾರೆ. ತುಲಾ ಅಂದರೆ ತಕ್ಕಡಿ. ಕೃಷ್ಣನ ತುಲಾಭಾರದಲ್ಲಿ ಸತ್ಯಭಾಮೆಯ ಅಷ್ಟೂ ಚಿನ್ನಕ್ಕೆ ಏಳದ ತಟ್ಟೆ ರುಕ್ಮಿಣಿ ಇಟ್ಟ ಒಂದು ದಳಕ್ಕೆ ಎದ್ದಿತಲ್ಲ, ನನಗೆ ಆ ಕತೆಯೇ ನೆನಪಾಗುತ್ತದೆ.

ನಿನ್ನ ಕ್ಲಾಸಿನಲ್ಲಿ ಒಬ್ಬಳು ವೃಂದಾ, ಒಬ್ಬಳು ನಂದಿನಿ ಇದ್ದಾರೆ ಅಂದಿದ್ದೆ ಅಲ್ವಾ? ಅವರೂ ನಿನ್ನ ಹೆಸರಿನವರೇ. ಅಜ್ಜಿ ಬೆಳಿಗ್ಗೆ ಕಟ್ಟೆಗೆ ನೀರೆರೆಯುತ್ತ ಹೇಳುತ್ತಿದ್ದ ಎಂಟು ಹೆಸರು ಮರೆತುಹೋಯಿತಾ? ವೃಂದಾ, ವೃಂದಾವನೀ, ವಿಶ್ವಪೂಜಿತಾ, ವಿಶ್ವಪಾವನೀ, ಪುಷ್ಪಸಾರಾ, ನಂದಿನೀ, ತುಳಸೀ, ಕೃಷ್ಣಜೀವನೀ. ಕಟ್ಟೆಯನ್ನು ಬೃಂದಾವನ ಅನ್ನುವುದೂ ಅದಕ್ಕೇ. ಅಜ್ಜಿ ಏಳನೆಯದನ್ನು ನಿನ್ನ ಕಿವಿಯಲ್ಲಿ ಹೇಳಿದರು. ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ಬರೆದವಳು ನಾನು. ಳ ಬರೆಯುವಾಗ ಅಕ್ಕಿ ಸರಿದು ಮುಚ್ಚಿಹೋಯಿತು, ಇನ್ನೊಮ್ಮೆ ಬರೆದೆ.

ಹಳೇ ಹೆಸರು, ನಿಜ. ಭಾಗೀರಥಿ, ನಾಗವೇಣಿ, ಮಾದೇವಿಯರ ಸಾಲಿನದು. ನಮ್ಮ ಶಿರಸಿ ಕಡೆ ತೊಟ್ಟಿಲಿನಲ್ಲಿ ಈಗ ಅದನ್ನು ಕೇಳುವುದು ಕಡಿಮೆ. ಆದರೆ ಘಟ್ಟ ಇಳಿದರೆ ಅಂಕೋಲೆ ಸಿಗುತ್ತದೆ. ಅಲ್ಲಿನ ಹೊನ್ನಳ್ಳಿಯ ತುಳಸಿ ಗೌಡ ನೆನಪಿದ್ದಾರಾ? ಹಾಲಕ್ಕಿ ಒಕ್ಕಲಿಗರ ಹೆಣ್ಣುಮಗಳು. ಶಾಲೆ ಮೆಟ್ಟಿಲು ಹತ್ತಿದವರಲ್ಲ. ತಾಯಿಯ ಜೊತೆ ಅರಣ್ಯ ಇಲಾಖೆಯ ನರ್ಸರಿಗೆ ಕೂಲಿಗೆ ಹೋದವರು, ಬದುಕಿಡೀ ಸಸಿ ಮಾಡಿದರು. ಕಾಡಿನಲ್ಲಿ ಯಾವುದು ತಾಯಿ ಮರ, ಅದರ ಬೀಜ ಯಾವಾಗ ಆರಿಸಬೇಕು ಅಂತ ಅವರಿಗೆ ಗೊತ್ತಾಗುತ್ತಿತ್ತು. 2021ರ ನವೆಂಬರಿನಲ್ಲಿ ದೆಹಲಿಯಲ್ಲಿ ಪದ್ಮಶ್ರೀ ತೆಗೆದುಕೊಳ್ಳಲು ಬರಿಗಾಲಲ್ಲೇ ನಡೆದುಬಂದರು. ಟಿವಿಯಲ್ಲಿ ಅವರ ಹೆಸರು ಕೂಗಿದಾಗ ನಾನು ನಿನ್ನ ಕೈ ಗಟ್ಟಿಯಾಗಿ ಹಿಡಿದಿದ್ದೆ. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡ ಸುದ್ದಿ ಓದಿದ ದಿನ ಯಾಕೋ ನಿನ್ನನ್ನು ನಾಲ್ಕು ಸಲ ಸುಮ್ನೆ ಕರೆದೆ. "ಎಂತಕ್ಕೆ ಆಯಿ?" ಅಂದೆ ನೀನು.

ಬದಲಾಯಿಸಿಕೊಂಡರೆ ಬೇಜಾರಾಗುತ್ತದೆ. ಸುಳ್ಳು ಹೇಳಲಾರೆ. ಆದರೂ ಹೆಸರು ನಿನ್ನದು, ನೀನೇ ಯೋಚನೆ ಮಾಡು.

ಕಾರ್ತಿಕದ ದ್ವಾದಶಿಗೆ ತುಳಸಿ ಮದುವೆ. ನೆಲ್ಲಿಕಾಯಿ ಇರುವ ಟೊಂಗೆಯನ್ನು ಅಪ್ಪಯ್ಯ ಈಗಲೇ ನೋಡಿಟ್ಟಿದ್ದಾರೆ. ಕಬ್ಬೂ ತರುತ್ತಾರಂತೆ. ರಜೆ ಸಿಕ್ಕರೆ ಬಾ.

ಈ ಮಳೆಗಾಲದಲ್ಲಿ ಕಟ್ಟೆಯ ಗಿಡ ಅರ್ಧ ಕೊಳೆಯಿತು. ಆದರೆ ಕಟ್ಟೆಯ ಬಿರುಕಿನಲ್ಲಿ ಸಾಲಾಗಿ ಮರಿಗಿಡ ಎದ್ದಿವೆ, ಎರಡೆರಡೇ ಎಲೆ. ಪತ್ರದ ಜೊತೆ ಒಂದು ಪೊಟ್ಟಣ ಇಟ್ಟಿದ್ದೇನೆ. ಒಣಗಿದ ಕದಿರನ್ನು ಅಂಗೈಯಲ್ಲಿ ತಿಕ್ಕಿ ಊದಿದರೆ ಉಳಿಯುವ ಬೀಜ, ಸಾಸಿವೆಗಿಂತ ಸಣ್ಣದು. ಕಿಟಕಿಯ ಹತ್ತಿರ ಡಬ್ಬಿಯಲ್ಲಿ ಉದುರಿಸು. ಮೇಲೆ ಮಣ್ಣು ಜಾಸ್ತಿ ಹಾಕಬೇಡ, ನೀರು ಚಿಮುಕಿಸಿದರೆ ಸಾಕು.

ನಿನ್ನ
ಆಯಿ